ಮೈಕ ಕಟ್ಟುವವರಿಗೂ ನಿದ್ದೆ ಕೆಟ್ಟವರಿಗೂ: ಕಾಸರಗೋಡಿನಲ್ಲಿ ಧ್ವನಿವರ್ಧಕದ ನಿಯಮ, ಹಂತ ಹಂತವಾಗಿ

ಡಿಸೆಂಬರ್ ಬಂತೆಂದರೆ ನನಗೆ ಎರಡು ತರದ ಫೋನ್ ಬರುತ್ತದೆ. ‘ನಮ್ಮ ಮಂದಿರದ ವಾರ್ಷಿಕೋತ್ಸವ, ಮೈಕಿಗೆ ಪರ್ಮಿಷನ್ ಮಾಡುವುದು ಹೇಗೆ ಮಾರಾಯ್ರೆ?’ ಅನ್ನುವುದು ಒಂದು. ‘ರಾತ್ರಿ ಒಂದು ಗಂಟೆವರೆಗೆ ಮೈಕ, ಮಗಳಿಗೆ ಪರೀಕ್ಷೆ, ಎಂತ ಮಾಡುವುದು?’ ಅನ್ನುವುದು ಇನ್ನೊಂದು. ಕೆಲವು ಸಲ ಎರಡೂ ಪ್ರಶ್ನೆ ಒಂದೇ ಊರಿನಿಂದ ಬರುತ್ತವೆ. ಹಾಗಾಗಿ ಇಬ್ಬರಿಗೂ ಒಂದೇ ಕಡೆ ಬರೆಯುತ್ತಿದ್ದೇನೆ. ಸಮಿತಿಯಲ್ಲಿ ಇರುವವರು ದೂರಿನ ಭಾಗವನ್ನೂ ಓದಿ, ದೂರು ಕೊಡಬೇಕೆಂದಿರುವವರು ಪರ್ಮಿಷನ್ ಭಾಗವನ್ನೂ ಓದಿ.

ಸಪ್ತಭಾಷೆಯ ನೆಲ ನಮ್ಮದು. ಒಂದೇ ಪೇಟೆಯಲ್ಲಿ ಬಾಂಗ್, ಭಜನೆ, ಇಗರ್ಜಿಯ ಗಂಟೆ, ಕಳಿಯಾಟದ (ತೆಯ್ಯಂ ಉತ್ಸವದ) ಚೆಂಡೆ, ಉರೂಸಿನ ಪ್ರವಚನ ಎಲ್ಲಾ ಕೇಳುತ್ತದೆ. ಕಾನೂನು ಇವುಗಳಲ್ಲಿ ಯಾವುದು ಯಾರದ್ದು ಎಂದು ಕೇಳುವುದಿಲ್ಲ. ಎಷ್ಟು ಗಂಟೆಗೆ, ಎಷ್ಟು ಜೋರಾಗಿ, ಪರ್ಮಿಷನ್ ಇದೆಯಾ ಎಂದು ಮಾತ್ರ ಕೇಳುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹಂತ 1: ಮೊದಲು ನಾಲ್ಕು ಲೆಕ್ಕ ಗೊತ್ತಿರಲಿ

ಇಡೀ ದೇಶಕ್ಕೆ ಅನ್ವಯಿಸುವುದು 2000ದ ಶಬ್ದಮಾಲಿನ್ಯ ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದದ್ದು. ಇದರಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, 10ರಿಂದ 6ರವರೆಗೆ ರಾತ್ರಿ.

ಶಬ್ದವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಎದುರುಬದುರು ಕೂತು ಮಾತಾಡುವ ಮಾತು ಸುಮಾರು 60 ಡೆಸಿಬೆಲ್. ಇದು ಕಿಲೋ, ಲೀಟರ್ ಲೆಕ್ಕದ ಹಾಗಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರು ಅನಿಸುತ್ತದೆ. ‘ಬರೀ ಹತ್ತು ತಾನೆ ಜಾಸ್ತಿ’ ಎಂದು ಹೇಳುವವರಿಗೆ ಇದನ್ನು ತಿಳಿಸಿ.

ಮನೆಗಳಿರುವ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45. ಅಂಗಡಿ ಪೇಟೆಯಲ್ಲಿ 65 ಮತ್ತು 55. ಕೈಗಾರಿಕೆ ಇರುವಲ್ಲಿ 75 ಮತ್ತು 70. ನಿಶ್ಶಬ್ದ ವಲಯದಲ್ಲಿ 50 ಮತ್ತು 40. ನಿಶ್ಶಬ್ದ ವಲಯ ಅಂದರೆ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್. ಆದರೆ 2017ರ ತಿದ್ದುಪಡಿ ಆದಮೇಲೆ ಸರಕಾರ ಘೋಷಿಸಿದ ಜಾಗ ಮಾತ್ರ ನಿಶ್ಶಬ್ದ ವಲಯ ಆಗುತ್ತದೆ. ಶಾಲೆ ಇದ್ದ ಮಾತ್ರಕ್ಕೆ ಆಗುವುದಿಲ್ಲ. ದೂರಿನಲ್ಲಿ ಇದೇ ವಾದ ಹಾಕಿ ಸೋತವರಿದ್ದಾರೆ, ಜಾಗ್ರತೆ.

ಧ್ವನಿವರ್ಧಕಕ್ಕೆ ಇನ್ನೊಂದು ಲೆಕ್ಕ ಇದೆ. ಸಾರ್ವಜನಿಕ ಜಾಗದ ಗಡಿಯಲ್ಲಿ ನಿಂತು ಅಳೆದರೆ, ಆ ಪ್ರದೇಶದ ಮಿತಿಗಿಂತ 10 ಜಾಸ್ತಿ ಅಥವಾ 75, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟು. ಅಂದರೆ ಮನೆಗಳ ನಡುವಿನ ಮೈದಾನದಲ್ಲಿ ಹಗಲು 65. ಖಾಸಗಿ ಜಾಗವಾದರೆ 5 ಮಾತ್ರ ಜಾಸ್ತಿ. ಮನೆಯಂಗಳದ ಪೂಜೆಗೆ, ಮದುವೆಗೆ ಕಾಂಪೌಂಡಿನ ಹತ್ತಿರ 60. ‘75ರವರೆಗೆ ಬಿಡ್ತಾರೆ’ ಎಂದು ಸೌಂಡ್ಸ್‌ನವರು ಹೇಳುವುದು ಪೇಟೆಗೆ ಸರಿ, ನಿಮ್ಮ ಊರಿನ ಮಂದಿರಕ್ಕೆ ಸರಿಯಲ್ಲ.

ಹಂತ 2: ನಿಮ್ಮ ಕಾರ್ಯಕ್ರಮದಲ್ಲಿ ಏನೇನು ಸದ್ದು ಇದೆ, ಬರೆಯಿರಿ

ಆಮಂತ್ರಣ ಪತ್ರಿಕೆಯನ್ನು ಮುಂದಿಟ್ಟುಕೊಂಡು ಕೂತುಕೊಳ್ಳಿ. ಪ್ರತಿ ಸಾಲಿನ ಎದುರು ಇದಕ್ಕೆ ಮೈಕ ಬೇಕಾ, ಎಷ್ಟರಿಂದ ಎಷ್ಟರವರೆಗೆ ಎಂದು ಗುರುತು ಹಾಕಿ. ಇದು ಸಣ್ಣ ಕೆಲಸ ಅನಿಸಬಹುದು. ನಮ್ಮ ಸಮಿತಿಯಲ್ಲಿ ಒಂದು ವರ್ಷ ಎರಡು ದಿನದ ಭಜನೆಗೆ ಪರ್ಮಿಷನ್ ತೆಗೆದುಕೊಂಡು, ಕೊನೆಗೆ ಸೇರಿಸಿದ ಮೂರನೇ ದಿನದ ತಾಳಮದ್ದಳೆಯನ್ನು ಅರ್ಜಿಯಲ್ಲಿ ಬರೆಯಲು ಮರೆತಿದ್ದೆವು. ಅರ್ಥಧಾರಿಗಳು ಪೀಠಿಕೆ ಶುರುಮಾಡುವ ಹೊತ್ತಿಗೆ ಪೊಲೀಸರು ಬಂದರು. ಮೈಕ ಇಲ್ಲದೆ ಮುಗಿಸಿದೆವು, ಹಿಂದೆ ಕೂತ ಹಿರಿಯರಿಗೆ ಏನೂ ಕೇಳಲಿಲ್ಲ. ತಪ್ಪು ನಮ್ಮದೇ.

ಮೆರವಣಿಗೆಯ ಗಾಡಿಗೆ ಮೈಕ ಕಟ್ಟುವುದಾದರೆ ಅದನ್ನು ಬೇರೆಯಾಗಿ ಕೇಳಬೇಕು. ಹೊರೆಕಾಣಿಕೆ ಮೆರವಣಿಗೆ ಎಲ್ಲಿಂದ ಹೊರಟು ಯಾವ ರಸ್ತೆಯಲ್ಲಿ ಬರುತ್ತದೆ ಎಂದು ಬರೆಯಬೇಕು.

ಕದಿನ (ಮದ್ದು ತುಂಬಿ ಸಿಡಿಸುವ ಕೊಳವೆ), ಪಟಾಕಿ ಇದ್ದರೆ ಮೈಕಿನ ಪರ್ಮಿಷನ್ ಅದಕ್ಕೆ ಸಾಲುವುದೇ ಇಲ್ಲ. ಅದು ಸ್ಫೋಟಕಗಳ ಕಾನೂನಿಗೆ ಬರುವ ವಿಷಯ, ಜಿಲ್ಲಾಡಳಿತದಿಂದ ಪ್ರತ್ಯೇಕ ಅನುಮತಿ ಬೇಕು. 2024ರ ಅಕ್ಟೋಬರ್ ಕೊನೆಗೆ ನೀಲೇಶ್ವರದ ಕಳಿಯಾಟದಲ್ಲಿ ಪಟಾಕಿ ದಾಸ್ತಾನಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನ ಗಾಯಗೊಂಡರು, ಜೀವಗಳೂ ಹೋದವು. ಅದನ್ನು ನೋಡಿದ ಜಿಲ್ಲೆಯವರು ನಾವು. ಈ ಒಂದು ವಿಷಯದಲ್ಲಿ ‘ಪ್ರತಿ ವರ್ಷ ಮಾಡ್ತೇವಲ್ಲ’ ಎಂಬ ಮಾತು ಬೇಡವೇ ಬೇಡ.

ದಿನಾ ಹಾಕುವ ಮೈಕವೂ ಮೈಕವೇ. ದೇವಸ್ಥಾನದ ಸುಪ್ರಭಾತಕ್ಕೆ, ಮಸೀದಿಯ ಬಾಂಗಿಗೆ ಕಾಯಂ ಆಗಿ ಕಟ್ಟಿದ ಸ್ಪೀಕರಿಗೂ ಲಿಖಿತ ಪರ್ಮಿಷನ್ ಬೇಕು. ನಿಯಮ ಹಬ್ಬದ ಮೈಕ, ದಿನದ ಮೈಕ ಎಂದು ಭೇದ ಮಾಡಿಲ್ಲ. ಎಷ್ಟೋ ಕಡೆ ಹಿಂದೆ ಯಾವಾಗಲೋ ತೆಗೆದ ಪರ್ಮಿಷನ್ ಮುಗಿದೇ ಹೋಗಿರುತ್ತದೆ. ಯಾರೂ ಫೈಲ್ ತೆಗೆದು ನೋಡಿರುವುದಿಲ್ಲ. ನಾಳೆಯೇ ತೆಗೆದು ನೋಡಿ.

ಹಂತ 3: ಅರ್ಜಿ, ಅದೂ ಕನ್ನಡದಲ್ಲೇ

ಪಂಚಾಯತಿಗೆ ತಿಳಿಸಿದರೆ ಸಾಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು. ನಿಯಮದ ಪ್ರಕಾರ ಅನುಮತಿ ಕೊಡುವ ಅಧಿಕಾರ ಇರುವುದು ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್‌ಪಿ ಮಟ್ಟಕ್ಕಿಂತ ಕಡಿಮೆಯಿಲ್ಲದ ನಿಯೋಜಿತ ಅಧಿಕಾರಿಗೆ. ನಮ್ಮಲ್ಲಿ ಅರ್ಜಿ ಪೊಲೀಸ್ ಇಲಾಖೆಗೆ ಹೋಗುತ್ತದೆ. ಕೇರಳ ಪೊಲೀಸರ ‘ತುಣ’ ಜಾಲತಾಣದಲ್ಲಿ ಮೈಕ್ ಪರ್ಮಿಷನಿಗೆ ಅರ್ಜಿ ಹಾಕಬಹುದು. ಕಂಪ್ಯೂಟರ್ ಗೊತ್ತಿಲ್ಲದವರು ಹತ್ತಿರದ ಅಕ್ಷಯ ಕೇಂದ್ರಕ್ಕೆ (ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ. ಶುಲ್ಕ ಆಗಾಗ ಬದಲಾಗುತ್ತದೆ, ಅಲ್ಲೇ ಕೇಳಿ ತಿಳಿದುಕೊಳ್ಳಿ. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗಲೇ ಹಾಕಿ. ಹಿಂದಿನ ದಿನ ಸಂಜೆ ಠಾಣೆಗೆ ಓಡುವುದು ಬೇಡ.

ಅರ್ಜಿಯಲ್ಲಿ ಇರಬೇಕಾದದ್ದು: ಸಂಸ್ಥೆಯ ಹೆಸರು, ಜವಾಬ್ದಾರಿ ಹೊರುವ ಒಬ್ಬರ ಹೆಸರು ಮತ್ತು ಫೋನ್, ಗುರುತಿನ ಚೀಟಿಯ ಪ್ರತಿ, ಜಾಗ ಯಾರದ್ದು, ಬೇರೆಯವರದ್ದಾದರೆ ಅವರ ಒಪ್ಪಿಗೆ, ಪ್ರತಿ ದಿನದ ಶುರು ಮತ್ತು ಮುಕ್ತಾಯದ ಗಂಟೆ, ಎಷ್ಟು ಸ್ಪೀಕರ್, ಯಾವ ತರದ್ದು. ಆಮಂತ್ರಣ ಪತ್ರಿಕೆ ಲಗತ್ತಿಸಿ. ಗಂಟೆಯನ್ನು ನಿಜ ಬರೆಯಿರಿ. 9.30ಕ್ಕೆ ಮುಗಿಯುತ್ತದೆ ಎಂದು ಬರೆದು 12ರವರೆಗೆ ನಡೆಸಿದರೆ ಮುಂದಿನ ವರ್ಷ ನಿಮ್ಮ ಅರ್ಜಿಗೆ ಬೆಲೆ ಇರುವುದಿಲ್ಲ.

ಇನ್ನು ಭಾಷೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜೊತೆ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕದವರು ಅರ್ಜಿಯನ್ನು, ದೂರನ್ನು ಧೈರ್ಯವಾಗಿ ಕನ್ನಡದಲ್ಲೇ ಬರೆಯಿರಿ. ಆದರೆ ಒಂದು ಮಾತು. ತೆಂಕಣ ಜಿಲ್ಲೆಯಿಂದ ಬಂದ ಅಧಿಕಾರಿಗೆ ಕನ್ನಡ ಓದಲು ಬಾರದೆ ಇರಬಹುದು. ಕೆಲಸ ಬೇಗ ಆಗಬೇಕಾದರೆ ದಿನ, ಗಂಟೆ, ಜಾಗ ಇರುವ ನಾಲ್ಕು ಸಾಲನ್ನು ಮಲಯಾಳದಲ್ಲೂ ಬರೆದು ಜೊತೆಗಿಡಿ. ಮೂಲ ಅರ್ಜಿ ಕನ್ನಡದ್ದೇ ಇರಲಿ. ಬಳಸದೆ ಬಿಟ್ಟ ಹಕ್ಕು ಹಾಗೆಯೇ ಸವೆದು ಹೋಗುತ್ತದೆ, ಅಲ್ವಾ?

ರಸೀದಿ ತೆಗೆದುಕೊಳ್ಳಿ. ಪರ್ಮಿಷನ್ ಬಂದ ಮೇಲೆ ಅದರ ಷರತ್ತುಗಳನ್ನು ಒಬ್ಬರು ಜೋರಾಗಿ ಓದಿ, ಸಮಿತಿಯ ಉಳಿದವರು ಕೇಳಲಿ. ಒಂದು ಪ್ರತಿ ಆಂಪ್ಲಿಫೈಯರ್ ಇರುವ ಮೇಜಿನ ಮೇಲಿರಲಿ.

ಹಂತ 4: ಸ್ಪೀಕರ್ ಕಟ್ಟುವ ದಿನ ನೀವೂ ಜೊತೆಗಿರಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಂತ ಇದು. ಎಲ್ಲರೂ ಬಿಡುವುದೂ ಇದನ್ನೇ. ಸೌಂಡ್ಸ್‌ನ ಹುಡುಗರು ಬರುತ್ತಾರೆ, ಅಭ್ಯಾಸದಂತೆ ತೆಂಗಿನ ಮರಕ್ಕೋ ಕಂಬಕ್ಕೋ ಏರುತ್ತಾರೆ, ನಾಲ್ಕು ದಿಕ್ಕಿಗೂ ಕಹಳೆ ಕಟ್ಟಿ ಇಳಿಯುತ್ತಾರೆ. ಮಲಯಾಳಿಗಳು ಈ ಕಹಳೆ ಸ್ಪೀಕರಿಗೆ ‘ಕೋಳಾಂಬಿ’ ಎನ್ನುತ್ತಾರೆ, ಪೀಕದಾನಿಯ ಆಕಾರ ನೋಡಿ ಬಂದ ಹೆಸರು. ಇದು ಶಬ್ದವನ್ನು ಒಟ್ಟುಮಾಡಿ ಒಂದೇ ದಿಕ್ಕಿಗೆ ದೂರ ಎಸೆಯಲಿಕ್ಕೆಂದೇ ಮಾಡಿದ್ದು. ನಿಮ್ಮ ಸಭಿಕರು ಚಪ್ಪರದ ಒಳಗೆ ಕೂತಿದ್ದಾರೆ, ಶಬ್ದ ಅವರ ತಲೆಯ ಮೇಲಿಂದ ಹಾರಿ ಆಚೆ ಗುಡ್ಡೆಯ ಮನೆಗೆ ಹೋಗುತ್ತದೆ.

ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗ ಶಬ್ದ ಇಳಿಯುವುದು ಸುಮಾರು 6 ಡೆಸಿಬೆಲ್ ಮಾತ್ರ. ಒಂದು ಮೀಟರ್ ಎದುರು 105 ಇರುವ ಸ್ಪೀಕರ್ ಎಂದು ಇಟ್ಟುಕೊಳ್ಳಿ. 8 ಮೀಟರಿಗೆ 87, 32 ಮೀಟರಿಗೆ 75, 64 ಮೀಟರಿಗೆ 69. ಅಂದರೆ ಅಂಗಳ ದಾಟಿ, ತೋಟ ದಾಟಿದರೂ ಮನೆಗಳ ಪ್ರದೇಶದ 55 ಬರುವುದಿಲ್ಲ. ಅದಕ್ಕೇ ಕಹಳೆ ಬಿಟ್ಟು ಪೆಟ್ಟಿಗೆ ಸ್ಪೀಕರ್ ಇಡಿ. ಎರಡು ದೊಡ್ಡದರ ಬದಲು ನಾಲ್ಕು ಸಣ್ಣದು ಇರಲಿ. ಆಳೆತ್ತರಕ್ಕೆ ಸ್ವಲ್ಪ ಮೇಲೆ ಇಟ್ಟು, ಮುಖವನ್ನು ಜನ ಕೂರುವ ಕಡೆಗೆ ಕೆಳಗೆ ವಾಲಿಸಿ. ಮೈಕಿನ ಎದುರೇ ಚೆಂಡೆ ಇಡುವುದನ್ನು ನಿಲ್ಲಿಸಿ. ಚೆಂಡೆಗೆ ಮೈಕ ಏಕೆ? ಅದು ತನ್ನಷ್ಟಕ್ಕೇ ಒಂದು ಊರು ದಾಟುತ್ತದೆ.

ಆಮೇಲೆ ಒಂದು ಪರೀಕ್ಷೆ ಮಾಡಿ. ಭಜನೆಯ ಒಂದು ಹಾಡನ್ನು ಹಾಕಿ, ಅತಿ ಹತ್ತಿರದ ಮನೆಗೆ ನಡೆದು ಹೋಗಿ. ಮನೆಯವರ ಅಪ್ಪಣೆ ಕೇಳಿ ಜಗಲಿಯಲ್ಲಿ ಕೂತು ಅವರ ಜೊತೆ ಮಾತಾಡಿ. ದನಿ ಏರಿಸದೆ ಮಾತಾಡಲು ಆಗುತ್ತದಾ? ಆಗುವುದಿಲ್ಲವಾದರೆ ಫೋನ್ ಮಾಡಿ ಇಳಿಸಲು ಹೇಳಿ, ಆಗುವವರೆಗೆ ಇಳಿಸಿ. ನಂತರ ಆಂಪ್ಲಿಫೈಯರಿನ ಗುಂಡಿಯ ಆ ಜಾಗಕ್ಕೆ ಬಿಳಿ ಟೇಪಿನ ತುಂಡು ಅಂಟಿಸಿ. ‘ಇದನ್ನು ದಾಟಬಾರದು’ ಎಂದು ಆಪರೇಟರಿಗೆ ಹೇಳಿ. ನಾನು ಇದನ್ನು ಮೊದಲ ಸಲ ಮಾಡಿದ ಮನೆಯಲ್ಲಿ ಅಜ್ಜಿಯೊಬ್ಬರು ಕಿವಿಯ ಹತ್ತಿರ ಕೈ ಇಟ್ಟು, ‘ಈಗ ಹಾಡಿನ ಮಾತು ಬಿಡಿಸಿ ಕೇಳ್ತದೆ ಮಗಾ, ಮೊದಲು ಬರೀ ಗದ್ದಲ’ ಎಂದರು. ಜೋರು ಮಾಡಿದಷ್ಟೂ ದೇವರ ನಾಮ ಕೇಳದೆ ಹೋಗುತ್ತದೆ ಎಂದು ನನಗೆ ಅರ್ಥವಾದದ್ದು ಆ ದಿನ.

ಹಂತ 5: ರಾತ್ರಿ 10, ಬೆಳಿಗ್ಗೆ 6

ರಾತ್ರಿ 10ರಿಂದ 6ರವರೆಗೆ ಧ್ವನಿವರ್ಧಕ ಬಳಸುವ ಹಾಗಿಲ್ಲ. ಸಭಾಭವನದಂಥ ಮುಚ್ಚಿದ ಕಟ್ಟಡದ ಒಳಗೆ, ಒಳಗಿನವರಿಗೆ ಮಾತ್ರ ಕೇಳುವಂತೆ ಬಳಸಬಹುದು. ಸಾರ್ವಜನಿಕ ಅಪಾಯದ ಹೊತ್ತಿನಲ್ಲಿ ಬಳಸಬಹುದು. 2010ರ ತಿದ್ದುಪಡಿಯಲ್ಲಿ ಇದಕ್ಕೆ ವಾದ್ಯಗಳನ್ನೂ ಸೇರಿಸಿದ್ದಾರೆ. ರಾತ್ರಿಯ ಆಟ (ಯಕ್ಷಗಾನ), ಕೋಲ, ತೆಯ್ಯಂ ನಡೆಸುವವರು ಇದನ್ನು ಗಮನಿಸಬೇಕು. ಚೆಂಡೆ ಇಲ್ಲದೆ ತೆಯ್ಯವೂ ಇಲ್ಲ, ಆಟವೂ ಇಲ್ಲ. ಕರಾವಳಿಯ ಹಲವು ಮೇಳಗಳು ಕಾಲಮಿತಿಗೆ ಬಂದದ್ದಕ್ಕೆ ಈ ನಿಯಮವೂ ಒಂದು ಕಾರಣ. ರಾತ್ರಿಯ ಆಚರಣೆ ಇದ್ದರೆ ಅರ್ಜಿಯಲ್ಲೇ ವಾದ್ಯಗಳ ವಿವರ ಬರೆದು ಕೇಳಿ, ಮೈಕವನ್ನು 10ಕ್ಕೆ ನಿಲ್ಲಿಸಿ. ಅರ್ಧ ಗಲಾಟೆ ಮೈಕಿನಿಂದ ಬರುವುದು, ಆಚರಣೆಯಿಂದಲ್ಲ.

ಹಬ್ಬಗಳಿಗೆ ಒಂದು ರಿಯಾಯಿತಿ ಇದೆ. ರಾಜ್ಯ ಸರಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 10ರಿಂದ 12ರವರೆಗೆ ಅನುಮತಿ ಕೊಡಬಹುದು. ಇಲ್ಲಿ ಮೂರು ಕಡೆ ಜನ ಜಾರುತ್ತಾರೆ. ಒಂದು, ಆ ದಿನಗಳನ್ನು ಸರಕಾರ ಗೊತ್ತುಮಾಡುತ್ತದೆ, ಸಮಿತಿ ಅಲ್ಲ. ಎರಡು, 12 ಅಂದರೆ 12. ಮೂರು, ಆ ಎರಡು ಗಂಟೆಗೂ ರಾತ್ರಿಯ ಮಿತಿಯೇ. ಮನೆಗಳ ನಡುವೆ ಗಡಿಯಲ್ಲಿ 45ಕ್ಕೆ 10 ಸೇರಿಸಿ 55, ಹಗಲಿನ 65 ಅಲ್ಲ. ಕರ್ನಾಟಕ ಸರಕಾರ ಕೊಟ್ಟ ದಿನಗಳ ಪಟ್ಟಿಯನ್ನು ಮಂಗಳೂರಿನ ಪತ್ರಿಕೆಯಲ್ಲಿ ಓದಿ ಇಲ್ಲಿ ಆಟ ಇಟ್ಟುಕೊಳ್ಳಬೇಡಿ. ನಮಗೆ ಕೇರಳದ ಆದೇಶ.

ಬೆಳಿಗ್ಗೆ 6ರ ಮೊದಲಿನ ಮಾತು ಬಂದಾಗ ಎಲ್ಲರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ. ಸುಬಹಿ ಬಾಂಗ್ ವರ್ಷವಿಡೀ 6ರ ಒಳಗೆ ಬರುತ್ತದೆ. ಧನುರ್ಮಾಸದ ಪೂಜೆಯೂ ಸೂರ್ಯ ಹುಟ್ಟುವ ಮೊದಲು. ಕ್ರಿಸ್ಮಸ್ ರಾತ್ರಿಯ ಪೂಜೆ ನಡುರಾತ್ರಿಗೆ. ಮೂರಕ್ಕೂ ನಿಯಮ ಒಂದೇ: ಪ್ರಾರ್ಥನೆ ನಡೆಯಲಿ, ಹೊರಗಿನ ಸ್ಪೀಕರ್ ಬೇಡ. ಚೆನ್ನೈಯ ಒಂದು ಇಗರ್ಜಿಯ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ. ಬೇರೆಯವರ ನೆಮ್ಮದಿ ಕೆಡಿಸಿ, ಧ್ವನಿವರ್ಧಕದಲ್ಲಿ ಪ್ರಾರ್ಥಿಸಬೇಕು ಎಂದು ಯಾವ ಧರ್ಮವೂ ಹೇಳಿಲ್ಲ ಎಂದಿತು. ಅದಕ್ಕೂ ಮೊದಲೇ ಕೇರಳ ಹೈಕೋರ್ಟ್ ಮಾತಾಡುವ ಹಕ್ಕಿನಲ್ಲಿ ಮೈಕ ಹಾಕುವ ಹಕ್ಕು ಸೇರಿಲ್ಲ ಎಂದಿತ್ತು.

ಹಂತ 6: ತೊಂದರೆ ನಿಮಗಾದರೆ, ಮೊದಲು ಹಗಲಿನಲ್ಲಿ ಮಾತಾಡಿ

ಶಬ್ದ ಆಗುತ್ತಿರುವಾಗ ಹೋಗಬೇಡಿ. ಆಗ ನಿಮಗೂ ಕೋಪ, ಅವರಿಗೂ ಉತ್ಸಾಹ. ಮರುದಿನ ಹತ್ತು ಗಂಟೆಗೆ ಹೋಗಿ. ದೇವಸ್ಥಾನವಾದರೆ ಮೊಕ್ತೇಸರರನ್ನೋ ಕಾರ್ಯದರ್ಶಿಯನ್ನೋ ನೋಡಿ. ಮಸೀದಿಯಾದರೆ ಜಮಾಅತ್ ಕಮಿಟಿಯವರನ್ನು ನೋಡಿ. ಉಸ್ತಾದರು ಸಂಬಳಕ್ಕಿರುವವರು, ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಇಗರ್ಜಿಯಾದರೆ ವಾರ್ಡಿನ ಗುರ್ಕಾರರ (ಮುಖಂಡರ) ಮೂಲಕ ಫಾದರ್ ಹತ್ತಿರ ಹೋಗಿ.

‘ನಿಲ್ಲಿಸಿ’ ಎನ್ನಬೇಡಿ. ಆಗಬಹುದಾದ ಒಂದು ಕೆಲಸವನ್ನು ಕೇಳಿ. ‘ಕಾಕಾ, ಬಾಂಗಿಗೆ ನಮ್ಮದೇನೂ ಆಕ್ಷೇಪ ಇಲ್ಲ. ಪೂರ್ವಕ್ಕೆ ಕಟ್ಟಿದ ಆ ಒಂದು ಸ್ಪೀಕರ್ ನಮ್ಮ ಮಲಗುವ ಕೋಣೆಗೇ ಮುಖ ಮಾಡಿದೆ. ಅದನ್ನು ಸ್ವಲ್ಪ ತಿರುಗಿಸಿ, ಬೆಳಗ್ಗಿನದ್ದನ್ನು ಒಳಗಿನ ಸ್ಪೀಕರಿನಲ್ಲಿ ಹಾಕಬಹುದಾ?’ ಮಂದಿರದವರಿಗೂ ಹೀಗೇ: ‘ಅಣ್ಣ, ಭಜನೆ ಆಗಲಿ, 10ರ ಮೇಲೆ ಮೈಕ ಇಲ್ಲದೆ ಹಾಡುವ.’ ಅದೇ ಸಮುದಾಯದ ಇನ್ನೊಬ್ಬರು ನಿಮ್ಮ ಜೊತೆ ಬಂದರೆ ಇನ್ನೂ ಒಳ್ಳೆಯದು. ಅವರ ಮನೆಯಲ್ಲೂ ಹಸುಗೂಸು, ಕಾಯಿಲೆಯವರು ಇರುತ್ತಾರೆ.

ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕಲೇಬೇಡಿ. ಕೈಮುಗಿದು ಹೇಳುತ್ತಿದ್ದೇನೆ. ಸ್ಪೀಕರಿನ ದೂರು ಅಲ್ಲಿ ಅರ್ಧ ಗಂಟೆಯಲ್ಲಿ ಧರ್ಮದ ಜಗಳ ಆಗುತ್ತದೆ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದ ಆರೋಪ ನಿಮ್ಮ ಮೇಲೇ ಬರಬಹುದು, ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಅದಕ್ಕೇ ಇರುವುದು.

ಹಂತ 7: ಲೆಕ್ಕ ಇಡಿ

ಒಂದು ಪುಸ್ತಕದಲ್ಲಿ ತಾರೀಕು, ಶುರುವಾದ ಗಂಟೆ, ನಿಂತ ಗಂಟೆ ಬರೆಯಿರಿ. ನಿಮ್ಮ ಜಗಲಿಯಲ್ಲೇ ನಿಂತು ಒಂದೆರಡು ನಿಮಿಷ ರೆಕಾರ್ಡ್ ಮಾಡಿ, ಗೋಡೆಯ ಗಡಿಯಾರವೂ ಕಾಣಲಿ. ಜನರ ಮುಖ ತೆಗೆಯಬೇಡಿ. ಫೋನಿನ ಡೆಸಿಬೆಲ್ ಆ್ಯಪ್ ಅಂದಾಜಿಗೆ ಮಾತ್ರ, ಪುರಾವೆಗೆ ನಿಲ್ಲುವುದಿಲ್ಲ. ಸರಿಯಾದ ಅಳತೆ ಬೇಕಾದರೆ ಪೊಲೀಸರದ್ದೋ ಮಾಲಿನ್ಯ ನಿಯಂತ್ರಣ ಮಂಡಳಿಯದ್ದೋ ಮೀಟರ್ ಬರಬೇಕು.

ಆದರೆ ಇದನ್ನು ಚೆನ್ನಾಗಿ ತಿಳಿದುಕೊಳ್ಳಿ: ಹಗಲಿನ ದೂರಿಗೆ ಅಳತೆ ಬೇಕು, ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಇರಬೇಕು. ರಾತ್ರಿ 10ರ ನಂತರದ ಮೈಕಿಗೆ ಅಳತೆಯೇ ಬೇಡ. ರಾತ್ರಿಯ ನಿರ್ಬಂಧ ಮೀರಿದ್ದೇ ಸಾಕು. ‘ಮೀಟರ್ ಇಲ್ಲ, ನಾವೆಂತ ಮಾಡುವುದು’ ಎಂದು ಠಾಣೆಯಲ್ಲಿ ಹೇಳಿದರೆ, 7ನೇ ನಿಯಮ ನೋಡಿ ಎಂದು ಸಮಾಧಾನದಿಂದ ಹೇಳಿ.

ಪರ್ಮಿಷನ್ ಇತ್ತಾ ಎಂದು ಸಂಶಯ ಇದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು.

ಹಂತ 8: ದೂರು ಕೊಡುವಾಗ

ಆ ಹೊತ್ತಿನ ತೊಂದರೆಗೆ 112. ಮೊದಲು ಜಾಗ ಹೇಳಿ, ಆಮೇಲೆ ವಿಷಯ. ಮತ್ತೆ ಮತ್ತೆ ಆಗುವ ತೊಂದರೆಗೆ ಠಾಣೆಗೂ ಡಿವೈಎಸ್‌ಪಿಗೂ ಲಿಖಿತ ದೂರು. ಹೀಗೆ ಬರೆದರೆ ಸಾಕು:

‘ಇಂಥ ತಾರೀಕು, ಇಂಥ ಜಾಗದಲ್ಲಿ ರಾತ್ರಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಹೊರಗೆ ಕಟ್ಟಿದ ಧ್ವನಿವರ್ಧಕ ಬಳಸಲಾಗಿದೆ. ನಮ್ಮ ಮನೆ ಅಲ್ಲಿಂದ ಇಷ್ಟು ಮೀಟರ್. ಇದು 2000ದ ಶಬ್ದಮಾಲಿನ್ಯ ನಿಯಮಗಳ 5ನೇ ನಿಯಮಕ್ಕೆ ವಿರುದ್ಧ. 7ನೇ ನಿಯಮದಂತೆ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ. ನನ್ನ ಹೆಸರನ್ನು ಗುಟ್ಟಾಗಿಡಬೇಕಾಗಿ ವಿನಂತಿ.’

ಯಾವ ಧರ್ಮ, ಯಾವ ಪಕ್ಷ ಎಂಬ ಒಂದು ಶಬ್ದವೂ ಬೇಡ. ಹೆಸರಿನ ಭಯ ತುಂಬಾ ಜನರಿಗೆ ಇದೆ, ಅದು ಸಹಜ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ದೂರುದಾರರ ಗುರುತು ಬಿಟ್ಟುಕೊಡಬಾರದು ಎಂದು ಪೊಲೀಸರಿಗೆ ಹೇಳಿದೆ. ಅದು ಮಹಾರಾಷ್ಟ್ರದ ಪೊಲೀಸರಿಗೆ ಕೊಟ್ಟ ನಿರ್ದೇಶನ, ಸೊಲ್ಲಾಪುರ, ಸಾಂಗಲಿ ಕಡೆಯ ನಮ್ಮವರಿಗೆ ನೇರ ಉಪಯೋಗ. ಇಲ್ಲಿ ಅದು ತಾನಾಗಿ ಅನ್ವಯಿಸುವುದಿಲ್ಲ, ಆದರೂ ವಿನಂತಿಯ ಜೊತೆ ಉಲ್ಲೇಖಿಸಬಹುದು. ನಾಲ್ಕೈದು ಮನೆಯವರು, ಅದರಲ್ಲೂ ಬೇರೆ ಬೇರೆ ಸಮುದಾಯದವರು ಸೇರಿ ಸಹಿ ಹಾಕಿದರೆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ.

ಹಂತ 9: ಅಲ್ಲಿಗೂ ಆಗದಿದ್ದರೆ

ಕೋರ್ಟಿಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ, ಅದಕ್ಕೆ ಕೋರ್ಟ್ ಶುಲ್ಕ ಇಲ್ಲ. ಸಹಾಯವಾಣಿ 15100. ಊರಿನಲ್ಲಿ ಮುಖ ನೋಡಿ ಬದುಕಬೇಕಾದವರಿಗೆ ನನ್ನ ಪ್ರಕಾರ ಇದೇ ಸರಿಯಾದ ದಾರಿ. ಅದೂ ಆಗದಿದ್ದರೆ ಸಾರ್ವಜನಿಕ ಉಪದ್ರವ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ಅರ್ಜಿ ಹಾಕಬಹುದು. ಕೊನೆಗೆ ಹೈಕೋರ್ಟ್.

ತಲಪಾಡಿ ಗಡಿಯವರು ಕೇಳುವ ಒಂದು ಪ್ರಶ್ನೆ ಉಳಿಯಿತು. ಮನೆ ಕೇರಳದಲ್ಲಿ, ಸ್ಪೀಕರ್ ಕರ್ನಾಟಕದಲ್ಲಿ. ದೂರು ಕೊಡಬೇಕಾದದ್ದು ಸ್ಪೀಕರ್ ಇರುವ ಕಡೆಯ ಠಾಣೆಗೆ. ಗಡಿಯಲ್ಲಿ 112ಕ್ಕೆ ಫೋನ್ ಮಾಡಿದರೆ ಟವರ್ ನೋಡಿ ಯಾವ ರಾಜ್ಯಕ್ಕೆ ಬೇಕಾದರೂ ಹೋಗಬಹುದು. ಹಾಗಾಗಿ ಎತ್ತಿದ ಕೂಡಲೇ ‘ಶಬ್ದ ಬರುತ್ತಿರುವುದು ಕರ್ನಾಟಕದ ಕಡೆಯಿಂದ, ನಾನಿರುವುದು ಕೇರಳದಲ್ಲಿ’ ಎಂದು ಹೇಳಿ, ಆ ಕಡೆಯ ಠಾಣೆಯ ನಂಬರನ್ನು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.